ಯಂತ್ರದಾಸಿಯ ಹೂಜಿ

ತರುಣರ ಪಾನಗೋಷ್ಠಿಗೆ, ತಾನು ಒಂದು ಗುಟುಕನ್ನೂ ಮುಟ್ಟದೆ ಮಿಕ್ಕವರನ್ನು ಮಿತಿಯೊಳಗೆ ನಿಲ್ಲಿಸಬಲ್ಲ ಅಧ್ಯಕ್ಷನೊಬ್ಬನು ಅವಶ್ಯಕನೆಂಬ ವಿಚಾರವನ್ನು, ಯವನ ತತ್ತ್ವಜ್ಞನಾದ ಪ್ಲೇಟೋ ತನ್ನ ವಾರ್ಧಕ್ಯದ ಕೃತಿಯಾದ ‘ಶಾಸನಗಳು’ ಎಂಬ ಸಂವಾದದಲ್ಲಿ ಬಹು ಗಂಭೀರವಾಗಿ ಚರ್ಚಿಸಿದ್ದಾನೆ. 18 ವರ್ಷ ತುಂಬದವನಿಗೆ ದ್ರಾಕ್ಷಾಮದ್ಯವು ಸರ್ವಥಾ ವರ್ಜ್ಯ. 30ರವರೆಗೆ ಮಿತಪಾನಕ್ಕೆ ಅಡ್ಡಿಯಿಲ್ಲ, ಮತ್ತನಾಗುವುದು ಮಾತ್ರ ಕೂಡದು. 40 ದಾಟಿದವನಿಗೆ ಕೊಂಚ ಸಡಿಲಿಕೆ. ಮದ್ಯವನ್ನು ಬರಿಯ ದುರ್ವ್ಯಸನವೆಂದು ತಳ್ಳಿಬಿಡದೆ, ಯುವಕನ ಆತ್ಮಸಂಯಮವನ್ನು ಒರೆಗೆ ಹಚ್ಚುವ ಸಾಧನವೆಂದು ಆತನು ಎಣಿಸಿದ್ದರಿಂದಲೇ ಆ ಅಧ್ಯಕ್ಷನ ಸ್ಥಾನಕ್ಕೆ ಅಷ್ಟು ಮಹತ್ತ್ವ.

ಯವನರು ಮದ್ಯಕ್ಕೆ ನೀರು ಬೆರೆಸಿಯೇ ಕುಡಿಯುತ್ತಿದ್ದರು; ಬೆರೆಸದೆ ಕುಡಿಯುವುದು ಅನಾಗರಿಕರ ರೀತಿಯೆಂದು ಅವರ ಭಾವನೆ. ಎಷ್ಟಕ್ಕೆ ಎಷ್ಟು ನೀರೆಂಬುದನ್ನು ಗೋಷ್ಠಿಯ ನಾಯಕನು ನಿಶ್ಚಯಿಸುತ್ತಿದ್ದನು. ಆದರೆ ಆ ನಾಯಕನೂ ಕುಡಿಯುವವರಲ್ಲಿ ಒಬ್ಬನೇ ಅಲ್ಲವೆ?

ಎಂದಿಗೂ ಕುಡಿಯದ ಪರಿಚಾರಿಕೆಯೊಬ್ಬಳನ್ನು ನಾವು ಕಾಣುವುದು ಕ್ರಿ.ಪೂ. 3ನೆಯ ಶತಮಾನದ ಬೈಜಾಂಟಿಯಮ್ಮಿನ ಫೈಲೋ ಬರೆದನೆನ್ನಲಾದ, ಅರಬ್ಬೀ ಭಾಷೆಯಲ್ಲಿ ಉಳಿದುಬಂದ ವಾಯುಯಂತ್ರಗಳ ಗ್ರಂಥದಲ್ಲಿ. ಬಲಗೈಯಲ್ಲಿ ಹೂಜಿ ಹಿಡಿದು ನಿಂತ ದಾಸಿಯ ಆಕೃತಿಯದು. ಒಡಲಲ್ಲಿ ಎರಡು ಪಾತ್ರೆಗಳು, ಒಂದರಲ್ಲಿ ಮದ್ಯ, ಇನ್ನೊಂದರಲ್ಲಿ ನೀರು. ಅವಳ ಎಡ ಅಂಗೈಯ ಮೇಲೆ ಬರಿದಾದ ಬಟ್ಟಲನ್ನಿಟ್ಟರೆ, ಆ ಭಾರಕ್ಕೆ ತೋಳು ತುಸು ಕುಸಿದು, ಮದ್ಯದ ಪಾತ್ರೆಗೆ ಗಾಳಿ ಹೋಗುವ ದಾರಿ ತೆರೆದು, ಹೂಜಿಯಿಂದ ಮದ್ಯವು ಸುರಿಯತೊಡಗುತ್ತದೆ; ಬಟ್ಟಲು ಅರ್ಧ ತುಂಬಿ ಭಾರ ಹೆಚ್ಚಿದಂತೆ ತೋಳು ಇನ್ನಷ್ಟು ಇಳಿದು, ಆ ದಾರಿ ಮುಚ್ಚಿ, ನೀರಿನ ದಾರಿ ತೆರೆಯುತ್ತದೆ; ಪೂರ್ತಿ ತುಂಬಿತೆಂದರೆ ಎರಡೂ ನಿಲ್ಲುತ್ತವೆ. ಹಲ್ಲುಗಾಲಿಯಿಲ್ಲ, ಕೀಲಿಯಿಲ್ಲ; ಗಾಳಿ ಮತ್ತು ಭಾರ, ಎರಡೇ. ಅಷ್ಟು ಅಲ್ಪ ಸಾಮಗ್ರಿಯಿಂದ ‘ಇಷ್ಟು ಸಾಕು’ ಎಂಬ ವಿವೇಕವನ್ನು ಲೋಹದೊಳಗೆ ಇರಿಸಿದವನ ಪ್ರತಿಭೆಗೆ ನಾನು ಮನಸಾರೆ ನಮಿಸುತ್ತೇನೆ.

ಸೇಮೋಸ್ ದ್ವೀಪದ ಪೈಥಾಗೊರಸನಿಗೆ ಜನಶ್ರುತಿಯು ಆರೋಪಿಸುವ ಬಟ್ಟಲಿನ ಸ್ವಭಾವವೇ ಬೇರೆ. ಗೆರೆ ಮೀರಿ ತುಂಬಿಕೊಂಡ ಆಸೆಬುರುಕನ ಮದ್ಯವೆಲ್ಲವೂ, ನಡುವಣ ಕಂಬದೊಳಗೆ ಅಡಗಿಸಿದ ಬಾಗುನಾಳದ ಮೂಲಕ ತಳದಿಂದ ಸೋರಿಹೋಗುತ್ತದೆ. ನಮ್ಮ ದೇಶದ ವಾಸುದೇವನ ಬಟ್ಟಲಿನಲ್ಲಿಯೂ ಇದೇ ತತ್ತ್ವ. ಅಲ್ಲಿ ಶಿಶುಕೃಷ್ಣನ ಪಾದ ಸೋಕಿದೊಡನೆ ಯಮುನೆ ಇಳಿಯುವಂತೆ ನೀರು ಇಳಿಯುತ್ತದೆ, ಪೈಥಾಗೊರಸನ ಬಟ್ಟಲಿನಲ್ಲಿ ಅದು ದಂಡನೆಯಾಗುತ್ತದೆ.

ಮುಂದಿನ ಶತಮಾನಗಳ ಯಂತ್ರಕೌಶಲವು ಹಲವೆಡೆ ವಿಪರೀತ ಮಾರ್ಗವನ್ನೇ ಹಿಡಿಯಿತೆಂಬುದು ಖೇದದ ಸಂಗತಿ. 1620ರ ಸುಮಾರಿಗೆ ಜರ್ಮನಿಯ ಔಗ್ಸ್‌ಬುರ್ಗಿನ ಅಕ್ಕಸಾಲಿಗರು, ಸಾರಂಗವನ್ನೇರಿದ ಡಯಾನಾ ದೇವಿಯ ಬೆಳ್ಳಿಯ ಪಾನಪಾತ್ರೆಗಳನ್ನು ಮಾಡಿದರು. ಕೀಲಿ ಕೊಟ್ಟರೆ ಮೇಜಿನ ಮೇಲೆ ಉರುಳಿ, ಯಾರ ಮುಂದೆ ನಿಂತಿತೋ ಅವನು ಸಾರಂಗದ ತಲೆಯನ್ನು ಕಳಚಿ ಒಡಲಿನ ಮದ್ಯವನ್ನು ಬರಿದುಮಾಡತಕ್ಕದ್ದು. ಒಲ್ಲೆನೆನ್ನುವ ಅವಕಾಶವನ್ನೇ ಆ ಯಂತ್ರವು ಅತಿಥಿಯಿಂದ ಕಸಿದುಕೊಂಡಿತು.

ಫೈಲೋವಿನ ದಾಸಿಯು ಬಲಾತ್ಕರಿಸುವವಳಲ್ಲ, ದಂಡಿಸುವವಳೂ ಅಲ್ಲ. ನೀರು ಬೀಳುವ ಮುನ್ನವೇ ಬಟ್ಟಲನ್ನೆತ್ತಿಕೊಂಡವನಿಗೆ ಅಪ್ಪಟ ಮದ್ಯವೇ ದೊರೆಯುತ್ತಿತ್ತು. ಕಾದವನಿಗೆ ಹದವಾದ ಪಾನ. ಅವಳ ಆಳೆತ್ತರದ ಪ್ರತಿಕೃತಿಯು ಈಗ ಅಥೆನ್ಸಿನ ಕೋಟ್ಸಾನಾಸ್ ವಸ್ತುಸಂಗ್ರಹಾಲಯದಲ್ಲಿ, ಹೂಜಿ ಹಿಡಿದು, ಎಡ ಅಂಗೈ ಚಾಚಿ ನಿಂತಿದೆ.