ತಪ್ಪು ಹಿಡಿದವರಿಗೆ ಒಂದು ಸೀಮೆಸುಣ್ಣ

ನಾನು ಈ ಶಾಲೆಯಲ್ಲಿ ಒಂಬತ್ತನೇ ತರಗತಿ ಓದುತ್ತಿದ್ದಾಗ ನಮ್ಮ ಗಣಿತದ ಮೇಷ್ಟ್ರು ಒಂದು ದಿನ ಹಾಜರಿ ಕೂಗಿ ಮುಗಿಸಿ, ಏನೂ ಮಾತನಾಡದೆ ಕಪ್ಪುಹಲಗೆಯ ಮೇಲೆ ಆರು ಸಾಲು ಬರೆದರು.

ಅ = ಬ ಎಂದಿರಲಿ.
ಎರಡೂ ಕಡೆ ಅ ಯಿಂದ ಗುಣಿಸಿದರೆ: ಅ² = ಅಬ
ಎರಡೂ ಕಡೆ ಬ² ಕಳೆದರೆ: ಅ² − ಬ² = ಅಬ − ಬ²
ಅಪವರ್ತಿಸಿದರೆ: (ಅ + ಬ)(ಅ − ಬ) = ಬ(ಅ − ಬ)
ಎರಡೂ ಕಡೆಯ (ಅ − ಬ) ಹೊಡೆದುಹಾಕಿದರೆ: ಅ + ಬ = ಬ
ಅ ಮತ್ತು ಬ ಒಂದೇ ಆದ್ದರಿಂದ: 2ಬ = ಬ, ಅಂದರೆ 2 = 1

ಆಮೇಲೆ ನಮ್ಮ ಕಡೆ ತಿರುಗಿ, "ಇದರಲ್ಲಿ ಒಂದು ತಪ್ಪು ಬಚ್ಚಿಟ್ಟಿದ್ದೇನೆ. ಹಿಡಿದವರಿಗೆ ಒಂದು ಹೊಸ ಸೀಮೆಸುಣ್ಣ" ಎಂದರು. ವಾಯುಸೇನೆಯ ವಿಮಾನವೊಂದು ಹೆಂಚು ಅದುರುವಂತೆ ಹಾದುಹೋಯಿತು. ಸಾಮಾನ್ಯವಾಗಿ ಕಿಟಕಿಯತ್ತ ತಿರುಗುತ್ತಿದ್ದ ನಾವು ಅಂದು ಯಾರೂ ತಲೆಯೆತ್ತಲಿಲ್ಲ.

ಎರಡು ದಿನವಾದರೂ ಯಾರಿಗೂ ಸಿಗಲಿಲ್ಲ. ಚೆನ್ನಾಗಿ ಓದುವವರು ಸೂತ್ರಗಳನ್ನು ಮತ್ತೆ ಮತ್ತೆ ನೋಡಿದೆವು. ಮೂರನೆಯ ದಿನ ಹಿಂದಿನ ಬೆಂಚಿನ ಗೆಳೆಯನೊಬ್ಬ ಎದ್ದು ನಿಂತ. ಅವನಿಗೆ ಸೂತ್ರವೆಂದರೆ ಭಯ. ಆದ್ದರಿಂದ ಅ ಗೂ ಬ ಗೂ 1 ಎಂಬ ಅಂಕಿ ಹಾಕಿ ಒಂದೊಂದೇ ಸಾಲು ಲೆಕ್ಕ ಮಾಡಿದ್ದ. "ನಾಲ್ಕನೇ ಸಾಲಿನವರೆಗೆ ಸರಿ ಸಾರ್. ಎರಡು ಸಲ ಸೊನ್ನೆ, ಒಂದು ಸಲ ಸೊನ್ನೆ, ಎರಡೂ ಸೊನ್ನೆಯೇ. ಐದನೇ ಸಾಲಿನಲ್ಲಿ ನೀವು ಹೊಡೆದುಹಾಕಿದ್ದು ಸೊನ್ನೆಯನ್ನ" ಎಂದ. ಮೇಷ್ಟ್ರು ಅವನ ಕೈಗೆ ಸೀಮೆಸುಣ್ಣ ಕೊಟ್ಟು, ಅವನಿಂದಲೇ ಆ ಸಾಲಿಗೆ ಅಡ್ಡಗೆರೆ ಎಳೆಸಿದರು. ಗುರುಗಳು ಬರೆದದ್ದಕ್ಕೆ ಶಿಷ್ಯ ಗೆರೆ ಎಳೆದದ್ದನ್ನು ನಾನು ನೋಡಿದ್ದು ಅದೇ ಮೊದಲು.

ಸುವರ್ಣ ಮಹೋತ್ಸವದ ಸಂಚಿಕೆಗೆ ಏನಾದರೂ ಬರೆದುಕೊಡಿ ಎಂದು ಕೇಳಿದಾಗ ನನಗೆ ನೆನಪಾದದ್ದು ಆ ಸೀಮೆಸುಣ್ಣ. ಇಂದು ಸಾಫ್ಟ್‌ವೇರ್ ಎಂಜಿನಿಯರ್ ಆಗಿ ನನ್ನ ಕೆಲಸದ ಹೆಚ್ಚು ಪಾಲು ಅಡಗಿದ ತಪ್ಪುಗಳನ್ನು ಹುಡುಕುವುದೇ ಆಗಿದೆ. ಈ ಕೆಲಸಕ್ಕೂ ಒಂದು ಇತಿಹಾಸವಿದೆ. ಅದರ ಒಂದು ಎಳೆ ನಮ್ಮ ಕನ್ನಡ ನಾಡಿನಿಂದಲೇ ಹೊರಡುತ್ತದೆ. ಆ ಕಥೆಯನ್ನು ಇಲ್ಲಿ ಹೇಳುತ್ತೇನೆ.

ಮೊದಲು ಸೊನ್ನೆಯ ವಿಚಾರ. ಆರು ಲಾಡುಗಳನ್ನು ಮೂವರು ಮಕ್ಕಳಿಗೆ ಹಂಚಿದರೆ ತಲೆಗೆ ಎರಡು. ಮಕ್ಕಳೇ ಇಲ್ಲದಿದ್ದರೆ ತಲೆಗೆ ಎಷ್ಟು? ತಲೆಯೇ ಇಲ್ಲದ ಮೇಲೆ ಆ ಪ್ರಶ್ನೆಗೆ ಅರ್ಥವಿಲ್ಲ. ಇದು ಇಂದು ನಮಗೆ ಸುಲಭ. ಆದರೆ ಈ ಮಾತು ಸ್ಪಷ್ಟವಾಗಲು ನೂರಾರು ವರ್ಷ ಬೇಕಾಯಿತು.

ಸೊನ್ನೆಯನ್ನು ಒಂದು ಸಂಖ್ಯೆಯೆಂದು ಒಪ್ಪಿ ಅದಕ್ಕೆ ನಿಯಮಗಳನ್ನು ಬರೆದವರು ಬ್ರಹ್ಮಗುಪ್ತರು, ಕ್ರಿ.ಶ. 628ರಲ್ಲಿ. ಸೊನ್ನೆಯನ್ನು ಸೊನ್ನೆಯಿಂದ ಭಾಗಿಸಿದರೆ ಸೊನ್ನೆ ಎಂದು ಅವರು ಹೇಳಿದರು. ಅದು ಸರಿಯಲ್ಲ. ಅವರ ನಂತರ ಬಂದವರು ಮಹಾವೀರಾಚಾರ್ಯರು. ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಸುಮಾರು ಕ್ರಿ.ಶ. 850ರಲ್ಲಿ, ಅವರು 'ಗಣಿತಸಾರಸಂಗ್ರಹ'ವನ್ನು ಬರೆದರು. ಆ ದೊರೆಯ ರಾಜಧಾನಿ ಮಾನ್ಯಖೇಟ ಎಂದರೆ ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡ. ಋಣಸಂಖ್ಯೆಗೆ ವರ್ಗಮೂಲವಿಲ್ಲ ಎಂದು ಆ ಕಾಲದಲ್ಲೇ ಗುರುತಿಸಿದ ದೊಡ್ಡ ಗಣಿತಜ್ಞ ಅವರು. ಆದರೆ ಸೊನ್ನೆಯ ಹತ್ತಿರ ಅವರೂ ಎಡವಿದರು. ಯಾವುದೇ ಸಂಖ್ಯೆಯನ್ನು ಸೊನ್ನೆಯಿಂದ ಭಾಗಿಸಿದರೆ ಅದು ಬದಲಾಗದೆ ಹಾಗೆಯೇ ಉಳಿಯುತ್ತದೆ ಎಂದು ಬರೆದರು.

ಈ ತಪ್ಪನ್ನು ಹಿಡಿಯಲು ಬೇರೆ ಪುಸ್ತಕ ಬೇಕಿಲ್ಲ. ಆರನ್ನು ಸೊನ್ನೆಯಿಂದ ಭಾಗಿಸಿ ಆರೇ ಬರುವುದಾದರೆ, ಆರನ್ನು ಸೊನ್ನೆಯಿಂದ ಗುಣಿಸಿದರೂ ಆರೇ ಬರಬೇಕು. ಆದರೆ ಯಾವುದನ್ನು ಸೊನ್ನೆಯಿಂದ ಗುಣಿಸಿದರೂ ಸೊನ್ನೆಯೇ ಎಂದು ಅದೇ ಗ್ರಂಥ ಹೇಳುತ್ತದೆ. ಒಂದು ನಿಯಮ ಇನ್ನೊಂದರ ಜೊತೆ ಜಗಳವಾಡುತ್ತಿದೆ. ನಮ್ಮ ಹಿಂದಿನ ಬೆಂಚಿನ ಗೆಳೆಯನಂತೆ ಅಂಕಿ ಹಾಕಿ ನೋಡಿದರೆ ಸಾಕು, ಜಗಳ ಹೊರಗೆ ಬರುತ್ತದೆ.

ಮುನ್ನೂರು ವರ್ಷಗಳ ನಂತರ, 1150ರಲ್ಲಿ, ಭಾಸ್ಕರಾಚಾರ್ಯರು 'ಸಿದ್ಧಾಂತ ಶಿರೋಮಣಿ' ಬರೆದರು. ತಾನು ಸಹ್ಯಾದ್ರಿಯ ಆಸರೆಯ ವಿಜ್ಜಡವಿಡ ಎಂಬ ಊರಿನವನೆಂದು ಅವರು ಹೇಳಿಕೊಂಡಿದ್ದಾರೆ. ಅದು ವಿಜಯಪುರವೆಂದು ನಾವು ಶಾಲೆಯಲ್ಲಿ ಓದಿದ್ದೇವೆ. ಸೊನ್ನೆಯಿಂದ ಭಾಗಿಸಿದ್ದು ಮೊದಲಿನ ಸಂಖ್ಯೆಯಾಗಿ ಉಳಿಯುವುದಿಲ್ಲ, ಅದು 'ಖಹರ', ಕೊನೆಯಿಲ್ಲದ್ದು ಎಂದು ಅವರು ತಿದ್ದಿದರು. ದೊಡ್ಡ ಹೆಜ್ಜೆ ಅದು. ಆದರೂ 'ಲೀಲಾವತಿ'ಯಲ್ಲಿ ಒಂದು ಲೆಕ್ಕವಿದೆ: ಒಂದು ಸಂಖ್ಯೆಯನ್ನು ಸೊನ್ನೆಯಿಂದ ಗುಣಿಸಿ, ಬಂದದ್ದಕ್ಕೆ ಅದರ ಅರ್ಧ ಸೇರಿಸಿ, ಮೂರರಿಂದ ಗುಣಿಸಿ, ಸೊನ್ನೆಯಿಂದ ಭಾಗಿಸಿದರೆ 63 ಬರುತ್ತದೆ, ಆ ಸಂಖ್ಯೆ ಯಾವುದು? ಉತ್ತರ 14. ಗುಣಿಸಿದ ಸೊನ್ನೆಯನ್ನೂ ಭಾಗಿಸಿದ ಸೊನ್ನೆಯನ್ನೂ ಪರಸ್ಪರ ಹೊಡೆದುಹಾಕಿದರೆ ಮಾತ್ರ ಈ ಉತ್ತರ ಸಿಗುತ್ತದೆ. ನಮ್ಮ ಮೇಷ್ಟ್ರು ಕಪ್ಪುಹಲಗೆಯ ಐದನೇ ಸಾಲಿನಲ್ಲಿ ಬಚ್ಚಿಟ್ಟದ್ದು ಇದನ್ನೇ.

ಒಬ್ಬರ ತಪ್ಪನ್ನು ಇನ್ನೊಬ್ಬರು ತಿದ್ದಿದರು, ತಿದ್ದಿದವರಲ್ಲೂ ಒಂದು ತಪ್ಪು ಉಳಿಯಿತು. ಇದರಿಂದ ಯಾರ ಗೌರವವೂ ಕಡಿಮೆಯಾಗಲಿಲ್ಲ. ವಿದ್ಯೆ ಬೆಳೆದದ್ದೇ ಹೀಗೆ.

ಕಂಪ್ಯೂಟರ್ ಬಂದ ಮೇಲೆ ಇಂಥ ತಪ್ಪಿಗೆ 'ಬಗ್' ಎಂಬ ಹೆಸರು ಬಳಕೆಗೆ ಬಂತು. ಬಗ್ ಎಂದರೆ ಹುಳು. ಯಂತ್ರದ ದೋಷವನ್ನು ಹಾಗೆ ಕರೆಯುವುದು ಎಡಿಸನ್ನನ ಕಾಲದಲ್ಲೇ ಇತ್ತು. 1947ರ ಸೆಪ್ಟೆಂಬರ್ 9ರಂದು ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಮಾರ್ಕ್ 2 ಯಂತ್ರದೊಳಗೆ ನಿಜವಾಗಿಯೂ ಒಂದು ಪತಂಗ ಸಿಕ್ಕಿಕೊಂಡಿತ್ತು. ಸಿಬ್ಬಂದಿ ಅದನ್ನು ತೆಗೆದು, ದಿನಚರಿ ಪುಸ್ತಕಕ್ಕೆ ಅಂಟಿಸಿ, ಬಗ್ ಸಿಕ್ಕಿತು ಎಂದು ತಮಾಷೆಯಾಗಿ ಬರೆದಿಟ್ಟರು. ಆ ತಂಡದಲ್ಲಿದ್ದ ಗ್ರೇಸ್ ಹಾಪರ್ ಈ ಪ್ರಸಂಗವನ್ನು ಲೋಕಕ್ಕೆಲ್ಲ ಹೇಳಿದರು.

ಹಳೆಯ ಸೊನ್ನೆಯೂ ಕಂಪ್ಯೂಟರಿನೊಳಗೆ ಬಂದು ಕುಳಿತಿತು. 1997ರ ಸೆಪ್ಟೆಂಬರಿನಲ್ಲಿ ಅಮೆರಿಕದ ಯುದ್ಧನೌಕೆ ಯಾರ್ಕ್‌ಟೌನ್ ವರ್ಜೀನಿಯಾ ತೀರದ ಬಳಿ ಸಮುದ್ರದಲ್ಲಿತ್ತು. ನಾವಿಕನೊಬ್ಬ ಕಂಪ್ಯೂಟರಿನ ಒಂದು ಖಾನೆಯಲ್ಲಿ ಸೊನ್ನೆ ತುಂಬಿದ. ಪ್ರೋಗ್ರಾಮ್ ಆ ಸೊನ್ನೆಯಿಂದ ಭಾಗಿಸಲು ಹೋಯಿತು. ಇಡೀ ಜಾಲ ಕುಸಿದು, ಹಡಗು ಎರಡು ಗಂಟೆಗೂ ಹೆಚ್ಚು ಕಾಲ ನಿಂತಲ್ಲೇ ನಿಂತಿತು. ಖಾನೆಯಲ್ಲಿ ಸೊನ್ನೆ ಇದ್ದರೆ ಭಾಗಿಸಬೇಡ ಎಂಬ ಒಂದು ಸಾಲು ಇದ್ದಿದ್ದರೆ ಸಾಕಾಗಿತ್ತು.

ಹಡಗಿನ ಕಥೆ ದೂರದ್ದು. ನನ್ನದೇ ಒಂದು ಕಥೆಯನ್ನು ಇಲ್ಲಿ ಒಪ್ಪಿಕೊಳ್ಳಬೇಕು.

ಬಿ.ಇ. ಮುಗಿಸಿ ಕೆಲಸಕ್ಕೆ ಸೇರಿದ ಮೊದಲ ವರ್ಷ. ಒಂದು ಕಾರ್ಖಾನೆಯ ದಿನಗೂಲಿ ನೌಕರರ ಸಂಬಳಪಟ್ಟಿ ಮಾಡುವ ಸಾಫ್ಟ್‌ವೇರನ್ನು ನೋಡಿಕೊಳ್ಳುವ ತಂಡದಲ್ಲಿ ನಾನಿದ್ದೆ. ಒಂದು ದಿನ ಕೋಡ್ ಓದುವಾಗ ಒಂದು ಸಾಲು ಕಣ್ಣಿಗೆ ಬಿತ್ತು. ತಿಂಗಳ ಒಟ್ಟು ಹೆಚ್ಚುವರಿ ಗಂಟೆಗಳನ್ನು ಹಾಜರಾದ ದಿನಗಳಿಂದ ಭಾಗಿಸುವ ಸಾಲು. ಯಾರಾದರೂ ಒಂದು ದಿನವೂ ಬಾರದಿದ್ದರೆ? ಪ್ರಶ್ನೆ ಬಂತು. ಆದರೆ ಅದನ್ನು ಬರೆದವರು ನನಗಿಂತ ಹತ್ತು ವರ್ಷ ಹಿರಿಯರು. ಹಿರಿಯರ ತಪ್ಪು ಎತ್ತಿ ತೋರಿಸಿದರೆ ಏನೆಂದುಕೊಂಡಾರು ಎಂದು ಸುಮ್ಮನಾದೆ.

ಗೌರಿ ಹಬ್ಬದ ಹಿಂದಿನ ವಾರ ಆ ಪಟ್ಟಿ ಅರ್ಧಕ್ಕೇ ನಿಂತಿತು. ಒಬ್ಬ ಕಾರ್ಮಿಕರು ಕಾಯಿಲೆಯಿಂದ ಇಡೀ ತಿಂಗಳು ಬಂದಿರಲಿಲ್ಲ. ಅವರ ಹಾಜರಿ ಸೊನ್ನೆ. ಪಟ್ಟಿಯಲ್ಲಿ ಅವರ ನಂತರ ಇದ್ದ ಯಾರ ಲೆಕ್ಕವೂ ಆಗಲಿಲ್ಲ. ಸರಿಪಡಿಸಿ ಹಣ ಕೈಸೇರುವ ಹೊತ್ತಿಗೆ ಹಬ್ಬ ಕಳೆದಿತ್ತು. ಅಟ್ಟೂರಿನಲ್ಲಿ ಬೆಳೆದ ನನಗೆ ಹಬ್ಬದ ಮುಂಚೆ ಬಾರದ ಕೂಲಿ ಎಂದರೇನು ಎಂದು ಯಾರೂ ಹೇಳಿಕೊಡಬೇಕಿರಲಿಲ್ಲ. ಮಕ್ಕಳ ಬಟ್ಟೆ, ಅಂಗಡಿಯ ಸಾಲ, ತವರಿಗೆ ಬಂದ ಮಗಳ ಬಾಗಿನ, ಎಲ್ಲವೂ ಅದರ ಮೇಲೆ ನಿಂತಿರುತ್ತದೆ. ನಾನು ಒಂದು ಮಾತು ಆಡಿದ್ದರೆ ತಪ್ಪುತ್ತಿತ್ತು. ಆಮೇಲೆ ಆ ಹಿರಿಯರಿಗೆ ನಿಜ ಹೇಳಿದೆ. ಅವರು ಬೈಯಲಿಲ್ಲ. "ಅವತ್ತೇ ಹೇಳಿದ್ದರೆ ನಾನೇ ಕಾಫಿ ಕೊಡಿಸ್ತಿದ್ದೆ" ಎಂದರು. ಬೈದಿದ್ದರೆ ಚೆನ್ನಾಗಿತ್ತು ಎನ್ನಿಸಿತು.

ತಪ್ಪು ತೋರಿಸುವುದು ಅವಮರ್ಯಾದೆ ಎಂದು ನಾನು ಅಂದುಕೊಂಡದ್ದೇ ದೊಡ್ಡ ಬಗ್. ನಮ್ಮ ಹಿರಿಯರು ಹಾಗೆ ಅಂದುಕೊಂಡಿರಲಿಲ್ಲ. ನಮಗೆ ದೊರೆತಿರುವ ಕನ್ನಡದ ಅತ್ಯಂತ ಹಳೆಯ ಗ್ರಂಥ 'ಕವಿರಾಜಮಾರ್ಗ'. ಮಹಾವೀರಾಚಾರ್ಯರ ಕಾಲದ್ದೇ, ಅದೇ ನೃಪತುಂಗನ ಆಸ್ಥಾನದ್ದೇ. ಅದರ ಮೂರು ಪರಿಚ್ಛೇದಗಳಲ್ಲಿ ಮೊದಲನೆಯದು ಕಾವ್ಯದಲ್ಲಿ ಯಾವುದು ದೋಷ, ಯಾವುದು ದೋಷವಲ್ಲ ಎಂಬುದರ ವಿಚಾರ. ತಾಳೆಗರಿ ಪ್ರತಿ ಮಾಡುತ್ತಿದ್ದ ಲಿಪಿಕಾರರು ಕೊನೆಯಲ್ಲಿ, ತಪ್ಪಿದ್ದರೆ ಬಲ್ಲವರು ತಿದ್ದಿಕೊಳ್ಳಬೇಕು ಎಂದು ಬೇಡಿಕೊಳ್ಳುವ ರೂಢಿಯಿತ್ತು.

ಕಂಪ್ಯೂಟರ್ ಲೋಕದಲ್ಲಿ ಈ ಬೇಡಿಕೆಗೆ ಬಹುಮಾನವನ್ನೂ ಸೇರಿಸಿದವರಲ್ಲಿ ಡೊನಾಲ್ಡ್ ಕ್ನೂತ್ ಪ್ರಸಿದ್ಧರು. 1968ರಿಂದ ಸಂಪುಟ ಸಂಪುಟವಾಗಿ ಬರುತ್ತಿರುವ ತಮ್ಮ ಪ್ರೋಗ್ರಾಮಿಂಗ್ ಗ್ರಂಥದಲ್ಲಿ ತಪ್ಪು ಹಿಡಿದವರಿಗೆ ತಪ್ಪೊಂದಕ್ಕೆ 2.56 ಡಾಲರಿನ ಚೆಕ್ ಕಳುಹಿಸುತ್ತಿದ್ದರು. 256 ಎಂಬುದು ಕಂಪ್ಯೂಟರ್ ಲೆಕ್ಕದಲ್ಲಿ ಸೊಗಸಾದ ಸಂಖ್ಯೆ, 16ರ ವರ್ಗ. ಬಹಳ ಮಂದಿ ಆ ಚೆಕ್ಕನ್ನು ಬ್ಯಾಂಕಿಗೆ ಹಾಕದೆ ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದರು. 1995ರಲ್ಲಿ ನೆಟ್‌ಸ್ಕೇಪ್ ಕಂಪನಿ ತನ್ನ ಬ್ರೌಸರಿನಲ್ಲಿ ದೋಷ ಹುಡುಕಿಕೊಟ್ಟವರಿಗೆ ಬಹುಮಾನ ಘೋಷಿಸಿತು. ಈಗ ಅನೇಕ ದೊಡ್ಡ ಕಂಪನಿಗಳು ಇದನ್ನು ಮಾಡುತ್ತವೆ.

2016ರ ಫೆಬ್ರವರಿಯಲ್ಲಿ ನಮ್ಮ ಬೆಂಗಳೂರಿನಲ್ಲಿ ಕೆಲಸ ಮಾಡುತ್ತಿದ್ದ ಆನಂದ್ ಪ್ರಕಾಶ್ ಎಂಬ ಎಂಜಿನಿಯರ್ ಫೇಸ್‌ಬುಕ್‌ನಲ್ಲಿ ಇಂಥದೊಂದು ದೋಷ ಕಂಡರು. ಪಾಸ್‌ವರ್ಡ್ ಮರೆತವರಿಗೆ ಆಗ ಆರು ಅಂಕಿಗಳ ಸಂಖ್ಯೆಯೊಂದು ಬರುತ್ತಿತ್ತು. ಅಂಥ ಸಂಖ್ಯೆಗಳು ಹತ್ತು ಲಕ್ಷ. ಮುಖ್ಯ ತಾಣದಲ್ಲಿ ಹತ್ತು ಹನ್ನೆರಡು ಸಲ ತಪ್ಪಾದರೆ ಬಾಗಿಲು ಮುಚ್ಚುತ್ತಿತ್ತು. ಆದರೆ ಪರೀಕ್ಷೆಗಾಗಿ ಇಟ್ಟಿದ್ದ ಇನ್ನೊಂದು ತಾಣದಲ್ಲಿ ಆ ತಡೆ ಇರಲಿಲ್ಲ. ಮುಂಬಾಗಿಲಿಗೆ ಬೀಗ ಹಾಕಿ ಹಿತ್ತಿಲ ಬಾಗಿಲು ತೆರೆದಿಟ್ಟಂತೆ. ಹತ್ತು ಲಕ್ಷವನ್ನೂ ಒಂದೊಂದಾಗಿ ಯಂತ್ರದಿಂದ ಹಾಕಿಸಿದರೆ ಯಾರ ಖಾತೆಯನ್ನಾದರೂ ತೆರೆಯಬಹುದಿತ್ತು. ಅವರು ತಮ್ಮದೇ ಖಾತೆಯ ಮೇಲೆ ಪರೀಕ್ಷಿಸಿ ಕಂಪನಿಗೆ ತಿಳಿಸಿದರು. ಮರುದಿನವೇ ದೋಷ ಸರಿಹೋಯಿತು. ಅವರಿಗೆ 15,000 ಡಾಲರ್ ಬಹುಮಾನ ಬಂತು. ಕಳ್ಳನಿಗೂ ಇವರಿಗೂ ಇರುವ ವ್ಯತ್ಯಾಸ ಇಷ್ಟೇ: ತೆರೆದ ಬಾಗಿಲು ಕಂಡಾಗ ಇವರು ಮನೆಯವರನ್ನು ಕೂಗಿ ಕರೆದರು.

ಕಳೆದ ವರ್ಷ ಶಾಲೆಯವರ ಅನುಮತಿ ಪಡೆದು ಒಂದು ಶನಿವಾರ ಕಂಪ್ಯೂಟರ್ ಕೊಠಡಿಯಲ್ಲಿ ಮಕ್ಕಳಿಗೆ ಈ ಆಟ ಆಡಿಸಿದೆ. ಹತ್ತು ಪುಟ್ಟ ಪ್ರೋಗ್ರಾಮ್ ಬರೆದು ಒಂದೊಂದರಲ್ಲೂ ಒಂದು ತಪ್ಪು ಬಚ್ಚಿಟ್ಟಿದ್ದೆ. ಸರಾಸರಿ ಅಂಕ ತೆಗೆಯುವ ಪ್ರೋಗ್ರಾಮ್‌ಗೆ ವಿದ್ಯಾರ್ಥಿಗಳ ಸಂಖ್ಯೆ ಸೊನ್ನೆ ಕೊಟ್ಟು ಒಬ್ಬ ಹುಡುಗ ಐದೇ ನಿಮಿಷದಲ್ಲಿ ಅದನ್ನು ಬೀಳಿಸಿದ. ವಯಸ್ಸು ಹೇಳುವ ಪ್ರೋಗ್ರಾಮ್ ಫೆಬ್ರವರಿ 29ರಂದು ಹುಟ್ಟಿದವರ ಮುಂದೆ ತಬ್ಬಿಬ್ಬಾಯಿತು. ನೂರು ಅಡಿ ಬೇಲಿಗೆ ಹತ್ತು ಅಡಿಗೊಂದರಂತೆ ಎಷ್ಟು ಕಲ್ಲುಕಂಬ ಬೇಕು ಎಂಬ ಪ್ರೋಗ್ರಾಮ್ ಹತ್ತು ಎಂದಿತು. "ಹನ್ನೊಂದು ಬೇಕು ಸಾರ್, ಕೊನೇದು ಯಾರು ನೆಡ್ತಾರೆ?" ಎಂದು ಒಬ್ಬಳು ನಕ್ಕಳು.

ಹತ್ತನೆಯದು ಹೆಸರಿನಲ್ಲಿ ಎಷ್ಟು ಅಕ್ಷರ ಇದೆ ಎಂದು ಹೇಳುವಂಥದ್ದು. 'ಕಮಲ' ಎಂದು ಹಾಕಿ ನೋಡಿದ್ದೆ, ಮೂರು ಎಂದಿತ್ತು. ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ತನ್ನ ಅಜ್ಜಿಯ ಹೆಸರು 'ಲಕ್ಷ್ಮಿ' ಎಂದು ಹಾಕಿದಳು. ಏಳು ಎಂದು ಬಂತು. ಅವಳು ಬೆರಳು ಮಡಚಿ, "ಲ, ಕ್ಷ್ಮಿ. ಎರಡೇ ಅಲ್ವಾ ಸಾರ್?" ಎಂದಳು. ಅದು ನಾನು ಬಚ್ಚಿಟ್ಟ ತಪ್ಪಲ್ಲ. ಯೂನಿಕೋಡ್ ಕನ್ನಡದ ಅಕ್ಷರವನ್ನು ಬಿಡಿಬಿಡಿಯಾಗಿ ಇಡುತ್ತದೆ: ಲ, ಕ, ಒತ್ತಿಗೆ ಬೇಕಾದ ವಿರಾಮ ಚಿಹ್ನೆ, ಷ, ಮತ್ತೆ ವಿರಾಮ, ಮ, ಗುಡಿಸು. ಒಟ್ಟು ಏಳು. ನನ್ನ ಪ್ರೋಗ್ರಾಮ್ ಬಿಡಿಭಾಗಗಳನ್ನು ಎಣಿಸಿತ್ತು, ಅಕ್ಷರಗಳನ್ನಲ್ಲ. ಇಷ್ಟು ವರ್ಷ ಕೋಡ್ ಬರೆದ ನಾನು, ಕನ್ನಡ ಮಾಧ್ಯಮದಲ್ಲಿ ಓದಿದ ನಾನು, ಒತ್ತಕ್ಷರವಿರುವ ಒಂದು ಹೆಸರನ್ನೂ ಹಾಕಿ ನೋಡಿರಲಿಲ್ಲ.

ಅವಳ ಕೈಗೆ ಸೀಮೆಸುಣ್ಣ ಕೊಟ್ಟೆ. ಅವಳು ಹಲಗೆಯ ಮೇಲಿನ ನನ್ನ ಸಾಲಿಗೆ ಅಡ್ಡಗೆರೆ ಎಳೆದಳು.

ನಾವು ಓದುವಾಗ ಇದ್ದ ಹೊಲಗಳು ಈಗ ಬಡಾವಣೆಗಳಾಗಿವೆ. ಹಳ್ಳಿಯಾಗಿದ್ದ ಅಟ್ಟೂರು ನಗರದೊಳಗೆ ಸೇರಿಹೋಗಿದೆ. ಸುತ್ತ ಇರುವ ಕಂಪನಿಗಳಿಗೆ ನಮ್ಮ ಶಾಲೆಯ ಮಕ್ಕಳೂ ನಾಳೆ ಹೋಗುತ್ತಾರೆ. ಅವರಿಗೆ ಕಂಪ್ಯೂಟರ್ ಎಲ್ಲಿಯಾದರೂ ಕಲಿಸಿಯಾರು. ತಪ್ಪು ಕಂಡಾಗ ಹೆದರದೆ, ನೋಯಿಸದೆ ಹೇಳುವುದನ್ನು, ಹೇಳಿಸಿಕೊಂಡವರು ನಗುತ್ತಾ ಒಪ್ಪಿಕೊಳ್ಳುವುದನ್ನು ಮಾತ್ರ ಇಂಥ ಶಾಲೆಯೇ ಕಲಿಸಬೇಕು. ನನಗೆ ಇಲ್ಲಿ ಅದನ್ನು ಕಲಿಸಿದ್ದರು. ನಡುವೆ ಮರೆತದ್ದು ನನ್ನ ತಪ್ಪು.

ಇನ್ನು ಮುಂದೆ ವರ್ಷಕ್ಕೊಮ್ಮೆ ಈ ಆಟವನ್ನು ಶಾಲೆಯಲ್ಲಿ ನಡೆಸಬೇಕೆಂಬ ಆಸೆಯಿದೆ. ಹಳೆಯ ವಿದ್ಯಾರ್ಥಿಗಳು ಜೊತೆಗೂಡಿದರೆ ಸಂತೋಷ. ಈ ಲೇಖನದಲ್ಲಿಯೂ ತಪ್ಪು ನುಸುಳಿರಬಹುದು. ಕಂಡವರು ಮಹೋತ್ಸವದ ದಿನ ನನ್ನನ್ನು ಹಿಡಿದು ಹೇಳಬೇಕಾಗಿ ವಿನಂತಿ. ತಪ್ಪೊಂದಕ್ಕೆ ಒಂದು ಸೀಮೆಸುಣ್ಣದಂತೆ ಒಂದು ಡಬ್ಬಿ ತುಂಬ ತಂದಿರುತ್ತೇನೆ.