ಚೌಬಾರಾದಿಂದ ಕಂಟ್ರೋಲ್-ಸಿ ವರೆಗೆ

ಬೀದರಿನ ಹಳೆಯ ಪಟ್ಟಣದ ನಡುವೆ, ರಸ್ತೆಗಳು ಕೂಡುವಲ್ಲಿ ನಿಂತಿರುವ ಚೌಬಾರಾವನ್ನು ನೀವೆಲ್ಲರೂ ಬಲ್ಲಿರಿ. 71 ಅಡಿ ಎತ್ತರದ ಆ ದುಂಡು ಗೋಪುರವನ್ನು ಕಟ್ಟಿದ್ದು ಕಾವಲಿಗಾಗಿ. ಭಾತಂಬ್ರಾದಿಂದ ಹತ್ತನೆಯ ತರಗತಿಯವರನ್ನು ಅಲ್ಲಿಗೆ ಕರೆದೊಯ್ದಾಗಲೆಲ್ಲ, ಮೇಲಿನಿಂದ ಕಾವಲುಗಾರನು ಸಂಜ್ಞೆ ಮಾಡಿದರೆ ಕೆಳಗಿನವರು ಎಚ್ಚರಗೊಳ್ಳುತ್ತಿದ್ದರೆಂದು ವಿವರಿಸುತ್ತಿದ್ದೆ. ಒಮ್ಮೆ ಒಬ್ಬ ಹುಡುಗ ಕೇಳಿದ: "ಸರ್, ಕೆಳಗಿನಾಂವ ಅರ್ಧಾ ಕೆಲಸದಾಗ ಇದ್ರ ಏನ್ ಮಾಡಬೇಕ್ರಿ?" ಕೆಲಸ ಬಿಟ್ಟು ಓಡಬೇಕು ಎಂದು ಉತ್ತರಿಸಿ ಮುಂದೆ ನಡೆದೆ. ಆ ಉತ್ತರ ಎಷ್ಟು ಅಪಕ್ವವಾದುದೆಂದು ತಿಳಿಯಲು ನಾನು ನಿವೃತ್ತನಾಗಬೇಕಾಯಿತು.

ನಿವೃತ್ತಿಯ ನಂತರ ನಾನು ಪಾಠ ಹೇಳಿದ ಎಲ್ಲ ತಂಡಗಳ ವಿದ್ಯಾರ್ಥಿಗಳ ಹೆಸರುಗಳನ್ನು ಹಳೆಯ ದಿನಚರಿಗಳಿಂದ ಗಣಕಯಂತ್ರಕ್ಕೆ ಇಳಿಸತೊಡಗಿದೆ. ಮೊಮ್ಮಗನಿಂದ ಪೈಥಾನ್ ಭಾಷೆಯನ್ನು ಅಷ್ಟಿಷ್ಟು ಕಲಿತು ಒಂದು ಪುಟ್ಟ ಪ್ರೋಗ್ರಾಮನ್ನೂ ಬರೆದಿದ್ದೆ. ಅದು ಕಡತದ ಹೆಸರುಗಳನ್ನೆಲ್ಲ ಓದಿಕೊಂಡು, ಅದೇ ಕಡತವನ್ನು ಹೊಸದಾಗಿ ತೆರೆದು, ಒಂದೊಂದು ಹೆಸರನ್ನೂ ತೋರಿಸಿ "ಸರಿಯೇ?" ಎಂದು ಕೇಳಿ ಬರೆಯುತ್ತಿತ್ತು. ಒಂದು ಸಂಜೆ ಯಾರೋ ಬಾಗಿಲು ತಟ್ಟಿದರು. ನಾಳೆ ಮುಂದುವರಿಸಿದರಾಯಿತೆಂದು ಕಂಟ್ರೋಲ್ ಮತ್ತು ಸಿ ಕೀಲಿಗಳನ್ನು ಒತ್ತಿ ಎದ್ದೆ. ಮರುದಿನ ನೋಡಿದರೆ ಅದುವರೆಗೆ ಒಪ್ಪಿದ ಹೆಸರುಗಳಷ್ಟೇ ಉಳಿದಿದ್ದವು. 1991ರ ನಂತರದ ನೀವು ಯಾರೂ ಅಲ್ಲಿರಲಿಲ್ಲ.

ಬೆಂಗಳೂರಿನಲ್ಲಿರುವ ಶಿಷ್ಯನೊಬ್ಬನಿಗೆ ದೂರವಾಣಿ ಮಾಡಿದೆ. "ಸರ್, ಪೈಥಾನಿಂದು ತಪ್ಪಿಲ್ಲರಿ. ನೀವು ಸಿಗ್ನಲ್ ಕಳಿಸಿದ್ರಿ, ಅದು ಕೇಳ್ತು" ಎಂದ. ಈ 'ಸಿಗ್ನಲ್' ಎಂಬುದರ ಬೆನ್ನು ಹತ್ತಿದಾಗ ಐದು ದಶಕಗಳ ಇತಿಹಾಸವೇ ತೆರೆದುಕೊಂಡಿತು. ಇತಿಹಾಸದ ಮೇಷ್ಟ್ರಿಗೆ ಇನ್ನೇನು ಬೇಕು?

1969ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ ಅವರು ಯುನಿಕ್ಸ್ ಎಂಬ ಕಾರ್ಯಾಚರಣ ವ್ಯವಸ್ಥೆಗೆ ಅಡಿಪಾಯ ಹಾಕಿದರು. ನಡೆಯುತ್ತಿರುವ ಪ್ರೋಗ್ರಾಮನ್ನು ನಡುವೆ ತಡೆದು ಸುದ್ದಿ ಮುಟ್ಟಿಸುವ ಏರ್ಪಾಡಿಗೆ ಅಲ್ಲಿ ಸಿಗ್ನಲ್ ಎಂದು ಹೆಸರು. 1973ರ ನಾಲ್ಕನೆಯ ಆವೃತ್ತಿಯ ಹೊತ್ತಿಗೆ ಅದೇ ಹೆಸರಿನ ಕರೆಯೂ ಬಂದಿತು. ಪ್ರತಿ ಸಂಜ್ಞೆಗೂ ಒಂದು ಸಂಖ್ಯೆ. ಮೊದಲನೆಯದರ ಹೆಸರು 'ಹ್ಯಾಂಗ್ ಅಪ್'. ದೂರವಾಣಿ ತಂತಿಯ ಮೂಲಕ ಗಣಕವನ್ನು ಬಳಸುತ್ತಿದ್ದ ಕಾಲದಲ್ಲಿ ಸಂಪರ್ಕ ಕಡಿದುಹೋಯಿತೆಂದು ಅದರ ಅರ್ಥ. ಎರಡನೆಯದು ನಾನು ಒತ್ತಿದ ಕಂಟ್ರೋಲ್-ಸಿ. ಹದಿನೈದನೆಯದು "ಮುಗಿಸಿಕೊಂಡು ಹೊರಡು" ಎಂಬ ಸೌಜನ್ಯದ ಮಾತು. ಒಂಬತ್ತನೆಯದಕ್ಕೆ ಮಾತ್ರ ಅಪೀಲಿಲ್ಲ. ಅದನ್ನು ತಡೆಯುವ ಅಥವಾ ಕೇಳಿಸಿಕೊಳ್ಳದಂತಿರುವ ಅವಕಾಶ ಯಾವ ಪ್ರೋಗ್ರಾಮಿಗೂ ಇಲ್ಲ.

ಆ ಮೊದಲ ಏರ್ಪಾಡಿನಲ್ಲಿ ದೊಡ್ಡ ದೋಷವಿತ್ತು. ಸಂಜ್ಞೆ ಬಂದಾಗ ಇಂಥ ಕೆಲಸ ಮಾಡು ಎಂದು ಹೇಳಿಟ್ಟ ಸೂಚನೆ ಒಮ್ಮೆಗೆ ಮಾತ್ರ ನಿಲ್ಲುತ್ತಿತ್ತು. ಅದನ್ನು ಮತ್ತೆ ಹೇಳಿಡುವುದರೊಳಗೆ ಅದೇ ಸಂಜ್ಞೆ ಎರಡನೆಯ ಸಲ ಬಂದರೆ ಪ್ರೋಗ್ರಾಮು ಅಲ್ಲಿಗೇ ಸತ್ತುಹೋಗುತ್ತಿತ್ತು. ಬರ್ಕ್ಲಿ ವಿಶ್ವವಿದ್ಯಾಲಯದವರು 1983ರ ತಮ್ಮ 4.2 ಆವೃತ್ತಿಯಲ್ಲಿ ಇದನ್ನು ಸರಿಪಡಿಸಿದರು. 1988ರಲ್ಲಿ ಪಾಸಿಕ್ಸ್ ಎಂಬ ಮಾನಕ ಬಂದು ಭಿನ್ನ ಪದ್ಧತಿಗಳಿಗೆ ಒಂದು ಸಾಮಾನ್ಯ ನಿಯಮ ಕೊಟ್ಟಿತು.

ಇನ್ನೊಂದು ಪ್ರಶ್ನೆ ನಮ್ಮ ಚೌಬಾರಾದ ಹುಡುಗ ಕೇಳಿದ್ದೇ. ಪ್ರೋಗ್ರಾಮೊಂದು ಕಾರ್ಯಾಚರಣ ವ್ಯವಸ್ಥೆಗೆ ದೀರ್ಘವಾದ ಕೆಲಸ ಒಪ್ಪಿಸಿ ಕಾಯುತ್ತಿದೆ. ನಡುವೆ ಸಂಜ್ಞೆ ಬಂದಿತು. ಅರ್ಧವಾದ ಕೆಲಸದ ಗತಿಯೇನು? ರಿಚರ್ಡ್ ಗೇಬ್ರಿಯಲ್ ಅವರು 1991ರಲ್ಲಿ ಪ್ರಕಟವಾದ ಪ್ರಬಂಧದಲ್ಲಿ ಇದರ ಬಗೆಗಿನ ಒಂದು ವಾದವನ್ನು ದಾಖಲಿಸಿದ್ದಾರೆ. ಎಂಐಟಿಯ ಪಕ್ಷ ಹೇಳುತ್ತಿತ್ತು: ವ್ಯವಸ್ಥೆಯೇ ಹಿಂದಕ್ಕೆ ಸರಿದು ಎಲ್ಲವನ್ನೂ ಮೊದಲಿದ್ದಂತೆ ಇಡಬೇಕು. ಯುನಿಕ್ಸಿನ ಪಕ್ಷಕ್ಕೆ ಅಷ್ಟು ಕಷ್ಟ ಬೇಕಿರಲಿಲ್ಲ. "ಅಡಚಣೆಯಾಯಿತು" ಎಂಬ ದೋಷಸಂಖ್ಯೆ ಕೊಟ್ಟರಾಯಿತು, ಬರೆದವನೇ ಮತ್ತೊಮ್ಮೆ ಪ್ರಯತ್ನಿಸಲಿ! ಗೆದ್ದದ್ದು ಈ ಎರಡನೆಯ ಪಕ್ಷವೇ. ನನಗೇನೋ ಇದು ಹೊರೆಯನ್ನು ಬಡವನ ತಲೆಗೆ ಹೊರಿಸಿದಂತೆ ಕಾಣುತ್ತದೆ. ಮರುಪ್ರಯತ್ನಿಸಲು ಮರೆತವರ ತಪ್ಪುಗಳನ್ನು ಎಲ್ಲರೂ ದಶಕಗಳ ಕಾಲ ಅನುಭವಿಸಿದರು. ಪೈಥಾನ್ ಭಾಷೆ ಆ ಹೊರೆಯನ್ನು ತಾನೇ ಹೊತ್ತು, ತಾನೇ ಮತ್ತೆ ಪ್ರಯತ್ನಿಸತೊಡಗಿದ್ದು 3.5ನೆಯ ಆವೃತ್ತಿಯಿಂದ, 2015ರಲ್ಲಿ.

ಭಾಷೆಯ ಒಳಗಿದ್ದು ಪ್ರೋಗ್ರಾಮನ್ನು ನಡೆಸುವ ಯಂತ್ರಾಂಗಕ್ಕೆ ರನ್‌ಟೈಮ್ ಎನ್ನುತ್ತಾರೆ. ಅದರ ಸಂಕಟವೇ ಬೇರೆ. ಮನೆಯಲ್ಲಿ ಹಿಟ್ಟಿನ ಡಬ್ಬಿಯ ಮುಚ್ಚಳ ತೆಗೆದು ಒಳಗೆ ಕೈ ಹಾಕಿದ್ದೀರಿ. ಆ ಕ್ಷಣದಲ್ಲೇ ಯಾರೋ ಕರೆದು "ಮೊದಲು ಅದೇ ಡಬ್ಬಿಯಿಂದ ಹಿಟ್ಟು ತಾ" ಎಂದರೆ? ಗಣಕದ ಸ್ಮೃತಿಯನ್ನು ಹಂಚುವ ಕೆಲಸದ ನಡುವೆ ಸಂಜ್ಞೆ ಬಂದು, ಆ ಸಂಜ್ಞೆಯ ಉತ್ತರವೂ ಸ್ಮೃತಿಯನ್ನೇ ಬೇಡಿದರೆ ಲೆಕ್ಕ ಕೆಡುತ್ತದೆ, ಇಲ್ಲವೇ ಎಲ್ಲವೂ ನಿಂತುಬಿಡುತ್ತದೆ. ಆದುದರಿಂದ ಪೈಥಾನ್ ಸಂಜ್ಞೆ ಬಂದ ಕೂಡಲೇ "ಬಂದಿದೆ" ಎಂದು ಒಂದು ಗುರುತನ್ನಷ್ಟೇ ಹಾಕಿಕೊಳ್ಳುತ್ತದೆ. ಕೈಯಲ್ಲಿರುವ ಸಣ್ಣ ಹೆಜ್ಜೆಯನ್ನು ಮುಗಿಸಿದ ಮೇಲೆಯೇ, ಅದೂ ಮುಖ್ಯ ಎಳೆಯಲ್ಲಿ ಮಾತ್ರ, ನಾವು ಹೇಳಿಟ್ಟ ಉತ್ತರವನ್ನು ನಡೆಸುತ್ತದೆ. ಆ ಹುಡುಗನಿಗೆ ನಾನು ಹೇಳಬೇಕಾಗಿದ್ದ ಉತ್ತರ ಇದು.

ಕೆಲವು ಭಾಷೆಗಳು ಸಂಜ್ಞೆಯನ್ನು ಸ್ವಂತ ಕೆಲಸಕ್ಕೂ ದುಡಿಸಿಕೊಂಡಿವೆ. ಜಾವಾದ ಯಂತ್ರವು ಇಲ್ಲದ ವಸ್ತುವನ್ನು ಮುಟ್ಟಿದೆಯೇ ಎಂದು ಹೆಜ್ಜೆ ಹೆಜ್ಜೆಗೂ ಪರೀಕ್ಷಿಸುತ್ತ ಕೂರುವುದಿಲ್ಲ. ಮುಟ್ಟಿದಾಗ ಹನ್ನೊಂದನೆಯ ಸಂಜ್ಞೆ ಬರುತ್ತದೆ, ಅದನ್ನು ಹಿಡಿದು ಬಳಸುವವನಿಗೆ ತಿಳಿಯುವ ದೋಷವಾಗಿ ಮಾರ್ಪಡಿಸುತ್ತದೆ. ಗೋ ಭಾಷೆಯಲ್ಲಿ ಒಂದು ಎಳೆ ಬಿಡುವಿಲ್ಲದೆ ಸುತ್ತುತ್ತಿದ್ದರೆ ಉಳಿದವು ಕಾಯಬೇಕಾಗುತ್ತಿತ್ತು, ಸಭೆಯಲ್ಲಿ ಮೈಕು ಬಿಡದ ಭಾಷಣಕಾರನ ಮುಂದೆ ನಾವು ಕಾದಂತೆ. 2020ರ ಫೆಬ್ರವರಿಯಲ್ಲಿ ಬಂದ 1.14ನೆಯ ಆವೃತ್ತಿಯಿಂದ ರನ್‌ಟೈಮೇ ಅಂಥ ಎಳೆಗೆ ಸಂಜ್ಞೆ ಕಳುಹಿಸಿ ನಿಲ್ಲಿಸುತ್ತದೆ. ಅದಕ್ಕೆ ಆರಿಸಿಕೊಂಡದ್ದು 'ತುರ್ತು' ಎಂಬ ಅರ್ಥದ ಸಂಜ್ಞೆ. ಆರಿಸಲು ಒಂದು ಕಾರಣ, ಅದನ್ನು ನಿಜವಾದ ತುರ್ತಿಗೆ ಬಳಸುವವರು ಬಹಳ ವಿರಳ ಎಂಬುದು!

ನನ್ನ ಪ್ರೋಗ್ರಾಮನ್ನು ಶಿಷ್ಯನೇ ತಿದ್ದಿಕೊಟ್ಟ. ಈಗ ಅದು ಹಳೆಯ ಕಡತವನ್ನು ಮುಟ್ಟದೆ ಬೇರೊಂದರಲ್ಲಿ ಬರೆದು, ಕೊನೆಯ ಹೆಸರಿನ ನಂತರ ಒಂದೇ ಏಟಿಗೆ ಹಳೆಯದರ ಜಾಗದಲ್ಲಿ ಇಡುತ್ತದೆ. ನಡುವೆ ಯಾರೇ ಬಾಗಿಲು ತಟ್ಟಲಿ, ಹಳೆಯ ಪಟ್ಟಿ ಹಾಗೆಯೇ ಇರುತ್ತದೆ. ಕಳೆದುಹೋದ ಹೆಸರುಗಳನ್ನು ದಿನಚರಿಗಳಿಂದ ಮತ್ತೆ ಬರೆದು ಮುಗಿಸಿದೆ. 1994ರ ದಿನಚರಿಯ ಕೊನೆಯ ಹಾಳೆಗಳನ್ನು ಮಾತ್ರ ಗೆದ್ದಲು ತಿಂದಿದೆ. ಕಿಟಕಿಯ ಪಕ್ಕದ ಸಾಲಿನಲ್ಲಿ ಕೂರುತ್ತಿದ್ದ ಮೂವರ ಮುಖಗಳು ನೆನಪಿವೆ, ಹೆಸರುಗಳು ನೆನಪಿಗೆ ಬರುತ್ತಿಲ್ಲ. ಆ ವರ್ಷದವರು ಯಾರಾದರೂ ಇದನ್ನು ಓದುತ್ತಿದ್ದರೆ ದಯವಿಟ್ಟು ತಿಳಿಸಿರಿ.