ಮೊದಲ ಸ್ಪರ್ಧಿ

ಸಾಹಿತ್ಯ ವಿಮರ್ಶೆಯಲ್ಲಿ ‘ಪ್ರೊಟಗಾನಿಸ್ಟ್’ ಎಂಬ ಇಂಗ್ಲಿಷ್ ಪದವನ್ನು ನೀವು ಕೇಳಿರಬಹುದು. ಕನ್ನಡದಲ್ಲಿ ಅದನ್ನು ‘ಕಥಾನಾಯಕ’ ಎನ್ನುತ್ತೇವೆ. ನಾಯಕನೆಂದರೆ ಮುನ್ನಡೆಸುವವನು. ಆದರೆ ಗ್ರೀಕ್ ಮೂಲದ ಭಾವ ಬೇರೆ. ‘ಪ್ರೋಟೋಸ್’ ಎಂದರೆ ಮೊದಲನೆಯ. ‘ಅಗೋನಿಸ್ತೇಸ್’ ಎಂದರೆ ಸ್ಪರ್ಧಿ. ಎರಡೂ ಕೂಡಿದರೆ ‘ಮೊದಲ ಸ್ಪರ್ಧಿ’.

ಯಾವ ಸ್ಪರ್ಧೆ ಎಂದು ನೀವು ಕೇಳಬಹುದು. ಪ್ರಾಚೀನ ಅಥೆನ್ಸ್ ನಗರದ ದಿಯೊನೀಸಿಯ ಉತ್ಸವದಲ್ಲಿ ದುರಂತ ನಾಟಕಗಳ ಪಂದ್ಯ ನಡೆಯುತ್ತಿತ್ತು. ಮೊದಲು ಮೇಳದೊಡನೆ ಒಬ್ಬನೇ ನಟನಿದ್ದನು. ಎಸ್ಕಿಲಸ್ ಎರಡನೆಯವನನ್ನೂ ಸೊಫೊಕ್ಲಿಸ್ ಮೂರನೆಯವನನ್ನೂ ತಂದರೆಂದು ಅರಿಸ್ಟಾಟಲ್ ಬರೆದಿದ್ದಾನೆ. ಮುಖವಾಡ ತೊಟ್ಟು, ಹಿರಿಯ ಹೊಣೆ ಹೊತ್ತವನೇ ಮೊದಲ ಸ್ಪರ್ಧಿ. ಕ್ರಿ.ಪೂ. 449ರ ಸುಮಾರಿಗೆ ನಟರಿಗೂ ಪ್ರತ್ಯೇಕ ಬಹುಮಾನ ಬಂದಿತು. ನಾಟಕ ಸೋತರೂ ಅದರ ನಟ ಗೆಲ್ಲಬಹುದಾಗಿತ್ತು.

ಗಮನಿಸಿ, ಆ ಪದ ಸೂಚಿಸಿದ್ದು ಪಾತ್ರವನ್ನಲ್ಲ, ನಟನನ್ನು, ಸದ್ಗುಣವನ್ನಲ್ಲ, ಸ್ಥಾನವನ್ನು. ಆ ಸ್ಥಾನ ಹಮ್ಮಿಗೂ ಕಾರಣವಾಯಿತು. ಕ್ರಿ.ಪೂ. 330ರಲ್ಲಿ ವಾಗ್ಮಿ ದೆಮೊಸ್ತನೀಸ್ ತನ್ನ ಎದುರಾಳಿ ಎಸ್ಕಿನೀಸನನ್ನು ‘ಮೂರನೆಯ ನಟ’ನೆಂದು ಹೀಯಾಳಿಸಿದನು.

1671ರಲ್ಲಿ ಡ್ರೈಡನ್ ಕವಿಯ ಇಂಗ್ಲಿಷ್ ಬರಹದಲ್ಲಿ ಈ ಪದ ಮುಖ್ಯ ಪಾತ್ರವೆಂಬ ಅರ್ಥದಲ್ಲಿ ಕಾಣಿಸಿತು. ಮುಂದೆ ಒಂದು ವಾದದ ಬೆಂಬಲಿಗನನ್ನೂ ಜನ ಹಾಗೆಯೇ ಕರೆಯತೊಡಗಿದಾಗ, ಭಾಷಾತಜ್ಞ ಫೌಲರ್ 1926ರಲ್ಲಿ ಆಕ್ಷೇಪಿಸಿದನು. ಆದರೂ ಆ ಬಳಕೆ ಉಳಿದಿದೆ. ಮಕ್ಕಳನ್ನು ಕೊಲ್ಲುವ ಮೆದೇಯಾಳಿಗೂ ಇಂದು ಅದೇ ಹೆಸರು ಸಲ್ಲುತ್ತದೆ. ಆದ್ದರಿಂದ ಕಥೆಯ ಮುಂದಿನ ಸಾಲಿನಲ್ಲಿ ನಿಂತವರೆಲ್ಲ ಒಳ್ಳೆಯವರೆಂದು ಭಾವಿಸಬೇಕಾಗಿಲ್ಲ.

ಈ ಪದದ ಬೇರಾದ ‘ಅಗೋನ್’, ಅಂದರೆ ಹೋರಾಟ, ನಮ್ಮ ಹೊಸ ಒಡಂಬಡಿಕೆಯಲ್ಲೂ ಇದೆ. ಕ್ರೀಡೋತ್ಸವಕ್ಕೆ ಹೆಸರಾದ ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರದಲ್ಲಿ ಸಂತ ಪೌಲರು ಸ್ಪರ್ಧಿಯ ಸಂಯಮವನ್ನು ನೆನಪಿಸುತ್ತಾರೆ. ಗೆತ್ಸೆಮನೆಯಲ್ಲಿ ಯೇಸುಸ್ವಾಮಿ ಅನುಭವಿಸಿದ ಯಾತನೆಗೆ ಸಂತ ಲೂಕರ ಗ್ರೀಕ್ ಪಠ್ಯದಲ್ಲಿರುವ ‘ಅಗೋನಿಯ’ ಎಂಬ ಪದವೂ ಅದೇ ಬೇರಿನದು. ಅಲ್ಲಿ ಪ್ರೇಕ್ಷಕರಿರಲಿಲ್ಲ, ಬಹುಮಾನವಿರಲಿಲ್ಲ, ಶಿಷ್ಯರೂ ನಿದ್ರಿಸುತ್ತಿದ್ದರು.

ನಮ್ಮ ಮಕ್ಕಳಿಗೆ ‘ಮೊದಲಿಗರಾಗಿ’ ಎಂದು ಹಾರೈಸುವಾಗ ನಾವು ಯಾವ ಮೊದಲನ್ನು ಬಯಸುತ್ತೇವೆ? ಇತರರನ್ನು ಮೂರನೆಯವರೆಂದು ಹೀಯಾಳಿಸುವ ಮೊದಲನ್ನೋ, ಕಷ್ಟದ ಭಾರಕ್ಕೆ ಮುಂದಾಗಿ ಹೆಗಲು ಕೊಡುವ ಮೊದಲನ್ನೋ? ಪದದಲ್ಲಿ ಎರಡಕ್ಕೂ ಎಡೆಯಿದೆ. ಆಯ್ಕೆ ಮನೆಯಲ್ಲಿ ನಡೆಯಬೇಕು.